ಅಪ್‌ಡೇಟ್: ಸ್ಪೇನ್ ವೀಸಾ ಬಂತು, ಇಬ್ಬರಿಗೂ

ನಿವೃತ್ತಿ ಆದ ಮೇಲೆ ಹೆಂಡತಿ ಜೊತೆ ಸ್ಪೇನ್‌ನಲ್ಲಿ ನೆಲೆಸಲು ಪಿಂಚಣಿ ಸಾಕಾಗುತ್ತಾ, ಜೊತೆಗೆ ಆನ್‌ಲೈನ್‌ನಲ್ಲಿ ಸ್ವಲ್ಪ ಕನ್ಸಲ್ಟಿಂಗ್ ಮಾಡಬಹುದಾ ಅಂತ ಕೇಳಿದ್ದೆ ಅಲ್ವಾ, ಮುಂದಿನ ಕಥೆ ಇದು.

ಕನ್ಸಲ್ಟಿಂಗ್ ಕೈಬಿಟ್ಟೆ. ನಾವು ಪಡೆದದ್ದು ನಾನ್-ಲುಕ್ರೇಟಿವ್ ವೀಸಾ, ಅಂದರೆ ಕೆಲಸ ಮಾಡದೆ ಪಿಂಚಣಿಯಂಥ ಆದಾಯದಲ್ಲೇ ಅಲ್ಲಿ ನೆಲೆಸುವವರಿಗೆ ಕೊಡುವ ವೀಸಾ; ಅದರಲ್ಲಿ ದುಡಿಯುವಂತಿಲ್ಲ. ಆನ್‌ಲೈನ್ ಕೆಲಸ ಬೇಕಿದ್ದರೆ 2023ರಿಂದ ಡಿಜಿಟಲ್ ನೋಮ್ಯಾಡ್ ವೀಸಾ ಬೇರೆಯೇ ಇದೆ, ಆದರೆ ನನಗೆ ಈ ವಯಸ್ಸಲ್ಲಿ ಮತ್ತೆ ಕ್ಲೈಂಟ್ ಕಾಟ ಬೇಡ ಅನ್ನಿಸಿತು.

ಹಣದ ಲೆಕ್ಕ ಸುಲಭ. ಆದಾಯದ ಮಿತಿ ಅಳೆಯಲು ಅಲ್ಲಿನ ಸರ್ಕಾರ ಬಳಸುವ ಐಪ್ರೆಮ್ ಸೂಚ್ಯಂಕ ತಿಂಗಳಿಗೆ 600 ಯೂರೋ. ಅರ್ಜಿದಾರರಿಗೆ ಅದರ ನಾಲ್ಕು ಪಟ್ಟು, ಸಂಗಾತಿಗೆ ಇನ್ನೊಂದು ಪಟ್ಟು, ಅಂದರೆ ಇಬ್ಬರಿಗೆ ವರ್ಷಕ್ಕೆ 36,000 ಯೂರೋ ತೋರಿಸಬೇಕು.

ನಿಜವಾಗಿ ತಲೆ ತಿಂದದ್ದು ವಿಮೆ. ಟ್ರಾವೆಲ್ ಇನ್ಶೂರೆನ್ಸ್ ನಡೆಯುವುದಿಲ್ಲ. ಸ್ಪೇನ್‌ನಲ್ಲಿ ಪರವಾನಗಿ ಇರುವ ಕಂಪನಿಯದ್ದೇ ಆಗಬೇಕು, ಚಿಕಿತ್ಸೆಗೆ ಹೋದಾಗ ನಾವು ಕೈಯಿಂದ ಪಾಲು ಕೊಡುವ ಷರತ್ತು ಇರಬಾರದು, ಮತ್ತು ವಯಸ್ಸು ಕೇಳಿದ ತಕ್ಷಣ ಏಜೆಂಟರ ದನಿಯೇ ಬದಲಾಗುತ್ತದೆ! ನಮ್ಮ ಮೇಲೆ ಅಪರಾಧ ಪ್ರಕರಣ ಇಲ್ಲ ಎನ್ನುವ ಪೊಲೀಸ್ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ಬೇರೆ ದೇಶದಲ್ಲೂ ಒಪ್ಪುವಂಥ ಸರ್ಕಾರಿ ದೃಢೀಕರಣ) ಮಾಡಿಸಿ, ಆಮೇಲೆ ಅಧಿಕೃತ ಸ್ಪ್ಯಾನಿಷ್ ಅನುವಾದ ಮಾಡಿಸಿದೆವು.

ತಲುಪಿದ ಒಂದು ತಿಂಗಳೊಳಗೆ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಅಲ್ಲಿ ವಾಸಿಸುವ ಮೊದಲ ಪರವಾನಗಿ ಒಂದು ವರ್ಷ, ನವೀಕರಿಸಿದರೆ ಎರಡು ವರ್ಷ. ಹಾಂ, ತೆರಿಗೆ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ: ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಅಲ್ಲಿದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ, ಹೊರಗಿನ ಆದಾಯವನ್ನೂ ತೋರಿಸಬೇಕು. ಅದಕ್ಕೆ ಈಗ ಲೆಕ್ಕಪರಿಶೋಧಕರನ್ನು ಹುಡುಕುತ್ತಿದ್ದೇನೆ.