ಮ್ಯಾರಥಾನ್ ಓಡುತ್ತಲೇ ತಿನ್ನೋದು: ಜೆಲ್ ಬೇಡ ಅಂದ್ರೆ ಏನು, ಎಷ್ಟು, ಯಾವಾಗ?

ನಾಲ್ಕೂವರೆ_ಗಂಟೆ:

ಮೊದಲ ಪೂರ್ಣ ಮ್ಯಾರಥಾನ್‌ಗೆ ಇನ್ನು ಹತ್ತು ವಾರ ಇದೆ. ಗುರಿ 4 ಗಂಟೆ 30 ನಿಮಿಷ, ಅಂದರೆ ಕಿಲೋಮೀಟರ್‌ಗೆ ಸುಮಾರು 6 ನಿಮಿಷ 24 ಸೆಕೆಂಡ್. ತೂಕ 68 ಕೆ.ಜಿ. ಓಡುವಾಗ ನುಂಗೋ ಸಕ್ಕರೆ ಪಾಕದ ಪೊಟ್ಟಣ, ಅಂದರೆ ಜೆಲ್, ನನಗೆ ಆಗಲ್ಲ: ಎರಡನೇ ಜೆಲ್‌ಗೇ ಹೊಟ್ಟೆ ತೊಳಸುತ್ತೆ. ಹಾಗಾಗಿ ಖರ್ಜೂರ, ಬಾಳೆಹಣ್ಣು, ಒಣದ್ರಾಕ್ಷಿ, ಬೇಯಿಸಿದ ಆಲೂಗಡ್ಡೆ, ಬಿಸ್ಕತ್ತು ಇಂಥ ಮಾಮೂಲಿ ತಿನಿಸಿನಲ್ಲೇ ಮುಗಿಸಬಹುದಾ ಅಂತ ನೋಡ್ತಿದ್ದೀನಿ.

ಕೇಳಬೇಕಾಗಿರೋದು ಇಷ್ಟು: ಒಟ್ಟು ಎಷ್ಟು ತಿನ್ನಬೇಕು? ಯಾವಾಗ ಶುರು ಮಾಡಬೇಕು? ಯಾವುದನ್ನು ಮುಟ್ಟಲೇಬಾರದು? "ಹಸಿವಾದಾಗ ತಿನ್ನು" ಅನ್ನೋರೂ ಇದ್ದಾರೆ, "ಪ್ರತಿ 5 ಕಿ.ಮೀ.ಗೆ ಒಂದು" ಅನ್ನೋರೂ ಇದ್ದಾರೆ.

—

ಗ್ರಾಂ_ಲೆಕ್ಕ:

ಎರಡೂ ಬೇಡ. ಹಸಿವನ್ನು ನಂಬಿದರೆ ಕೆಟ್ಟಿರಿ, ಓಡುವಾಗ ಅದು ಸರಿಯಾಗಿ ಗೊತ್ತಾಗೋದೇ ಇಲ್ಲ. ಕಿಲೋಮೀಟರ್ ಲೆಕ್ಕ ಹಿಡಿದರೆ, ವೇಗ ಕುಸಿದಾಗ ಎರಡು ತಿನಿಸಿನ ನಡುವಿನ ಅಂತರವೂ ಹಿಗ್ಗುತ್ತೆ. ಅಂದರೆ ಸರಿಯಾಗಿ ಬೇಕಾದ ಹೊತ್ತಿಗೇ ಕಡಿಮೆ ತಿಂತೀರಿ. ಗಡಿಯಾರ ನೋಡಿ ತಿನ್ನಿ, ಗ್ರಾಂನಲ್ಲಿ ಎಣಿಸಿ.

ಸಪಾಟು ದಾರಿಯಲ್ಲಿ ಓಡಲು ಪ್ರತಿ ಕೆ.ಜಿ. ತೂಕಕ್ಕೆ, ಪ್ರತಿ ಕಿ.ಮೀ.ಗೆ ಸುಮಾರು 1 ಕಿಲೋಕ್ಯಾಲೊರಿ ಬೇಕು. ನಿಮಗೆ ಒಟ್ಟು 2,850 ಆಸುಪಾಸು. ಸ್ನಾಯು ಮತ್ತು ಲಿವರ್ ಸೇರಿ ದೇಹದಲ್ಲಿ ಕೂಡಿಟ್ಟ ಗ್ಲೈಕೋಜೆನ್ (ಸಕ್ಕರೆಯ ದಾಸ್ತಾನು) 400ರಿಂದ 500 ಗ್ರಾಂ, ಅಂದರೆ 1,600–2,000 ಕಿಲೋಕ್ಯಾಲೊರಿ. ಅದರಲ್ಲೂ ತೋಳಿನ ಸ್ನಾಯುವಿನದು ಕಾಲಿಗೆ ಸಿಗಲ್ಲ. ಉಳಿದದ್ದು ಕೊಬ್ಬಿನಿಂದ ಬರುತ್ತೆ ನಿಜ, ಆದರೆ ಕೊಬ್ಬು ನಿಧಾನಕ್ಕೆ ಉರಿಯುತ್ತೆ, ಅದೇ ಶಕ್ತಿಗೆ ಹೆಚ್ಚು ಆಮ್ಲಜನಕ ಕೇಳುತ್ತೆ. ಗ್ಲೈಕೋಜೆನ್ ತಳ ಕಂಡಾಗ ಕಾಲು ಎತ್ತಿ ಇಡಲಾಗದ ಸ್ಥಿತಿ ಬರೋದು ಅದಕ್ಕೇ. ತಿನ್ನುವುದು ಆ ತಳವನ್ನು ಮುಂದೂಡುತ್ತೆ, ಪೂರ್ತಿ ತುಂಬಿಸಲ್ಲ.

ಎರಡೂವರೆ ಗಂಟೆಯವರೆಗಿನ ಓಟಕ್ಕೆ ಗಂಟೆಗೆ 30–60 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ), ಅದಕ್ಕೂ ಉದ್ದವಾದರೆ 90ರವರೆಗೆ ಅಂತ ಕ್ರೀಡಾ ಪೋಷಣೆಯಲ್ಲಿ ಹೇಳ್ತಾರೆ. ಮೊದಲ ಮ್ಯಾರಥಾನ್‌ಗೆ, ಅದೂ ಗಟ್ಟಿ ತಿನಿಸಿನಲ್ಲಿ, 45–50 ಸಾಕು. 25ನೇ ನಿಮಿಷಕ್ಕೆ ಶುರು ಮಾಡಿ, ಪ್ರತಿ 20 ನಿಮಿಷಕ್ಕೆ 16 ಗ್ರಾಂ. 245ನೇ ನಿಮಿಷಕ್ಕೆ ಕೊನೆಯದು. ಒಟ್ಟು 12 ಸಲ, 192 ಗ್ರಾಂ.

ಯಾವುದರಲ್ಲಿ ಎಷ್ಟು ಕಾರ್ಬ್ ಅಂದ್ರೆ:

ದೊಡ್ಡ ಮೆತ್ತನೆ ಖರ್ಜೂರ ಒಂದು (ಬೀಜ ಬಿಟ್ಟು 24 ಗ್ರಾಂ): 18 ಗ್ರಾಂ
ಮಧ್ಯಮ ಗಾತ್ರದ ಬಾಳೆಹಣ್ಣು ಒಂದು: 27 ಗ್ರಾಂ
ಒಣದ್ರಾಕ್ಷಿ 20 ಗ್ರಾಂ: 16 ಗ್ರಾಂ
ಬೇಯಿಸಿದ ಆಲೂಗಡ್ಡೆ 80 ಗ್ರಾಂ: 16 ಗ್ರಾಂ
ಬಿಳಿ ಬ್ರೆಡ್ ಒಂದು ಹೋಳು: 13ರಿಂದ 15 ಗ್ರಾಂ
ಜೇನುತುಪ್ಪ ಒಂದು ದೊಡ್ಡ ಚಮಚ: 17 ಗ್ರಾಂ

ಸಣ್ಣ ಖರ್ಜೂರ ಆದರೆ ಎಣಿಸಬೇಡಿ, ತೂಗಿ. ಗಾತ್ರ ಮೂರು ಪಟ್ಟು ವ್ಯತ್ಯಾಸ ಇರುತ್ತೆ.

—

ಹೊಟ್ಟೆಪಾಡು:

ಲೆಕ್ಕ ಸರಿ. ಆದರೆ ಈ ಪಟ್ಟಿ ನೋಡಿ ಯಾರಾದರೂ 11 ಖರ್ಜೂರ ಜೇಬಿಗೆ ಹಾಕ್ಕೊಂಡು ಹೊರಟರೆ ಕಷ್ಟ. ಕಾರ್ಬ್ 200 ಗ್ರಾಂ ಸಿಗುತ್ತೆ, ಜೊತೆಗೆ ನಾರು 18 ಗ್ರಾಂ ಹತ್ತಿರ. ಓಡುವಾಗ ರಕ್ತವೆಲ್ಲ ಕಾಲಿನ ಸ್ನಾಯುವಿಗೂ ಚರ್ಮಕ್ಕೂ ಹರಿಯುತ್ತೆ, ಕರುಳಿನ ಪಾಲು ತೀರಾ ಇಳಿಯುತ್ತೆ. ಅಂಥ ಹೊತ್ತಲ್ಲಿ ನಾರು, ಕೊಬ್ಬು, ಪ್ರೋಟೀನ್ ಮೂರೂ ಹೊರೆ. ಜಠರದಿಂದ ಮುಂದೆ ಸಾಗಲ್ಲ, ಕುಲುಕಾಡ್ತಾ ಅಲ್ಲೇ ಕೂತಿರುತ್ತೆ.

ಮುಟ್ಟಬಾರದ್ದು ಯಾವುದು ಅಂದ್ರೆ: ಬೀಜಗಳು (ಬಾದಾಮಿ, ಗೋಡಂಬಿ), ಚಾಕೊಲೇಟ್, ಓಟ್ಸ್ ಮತ್ತು ಬೀಜ ತುಂಬಿದ ಬಾರ್‌ಗಳು, ಕ್ರೀಮ್ ಬಿಸ್ಕತ್ತು. ಮಾಮೂಲಿ ಬಿಸ್ಕತ್ತನ್ನೂ ನಾನು ಪಟ್ಟಿಯಿಂದ ತೆಗೀತೀನಿ. ಕೊಬ್ಬು ಇರೋದು ಒಂದು ಕಾರಣ. ದೊಡ್ಡ ಕಾರಣ ಬೇರೆ: ಬಾಯಿ ಆರಿರುತ್ತೆ, ಪುಡಿ ಗಂಟಲಲ್ಲಿ ನಿಲ್ಲುತ್ತೆ, ಏದುಸಿರಲ್ಲಿ ಒಳಗೆಳೆದರೆ ನೆತ್ತಿಗೆ ಹತ್ತುತ್ತೆ. ಕೆಮ್ಮಿ ಸುಧಾರಿಸಿಕೊಳ್ಳೋಕೆ ಎರಡು ನಿಮಿಷ ಬೇಕು.

ಬಾಳೆಹಣ್ಣು ಪೂರ್ತಿ ಹಣ್ಣಾಗಿರಲಿ, ಸಿಪ್ಪೆಯಲ್ಲಿ ಕಂದು ಚುಕ್ಕೆ ಬಿದ್ದಿರಬೇಕು. ಹಸಿರು ಇದ್ದರೆ ಒಳಗಿನ ಪಿಷ್ಟ ಇನ್ನೂ ಸಕ್ಕರೆ ಆಗಿರಲ್ಲ, ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಆಗುತ್ತೆ. ಒಂದು ಸಲಕ್ಕೆ ಅರ್ಧ ಮಾತ್ರ.

ಈಗ ನೀರು. ಜೆಲ್ ತಿಂದು ಹೊಟ್ಟೆ ತೊಳಸೋದು ಎಷ್ಟೋ ಸಲ ಜೆಲ್ ತಪ್ಪಲ್ಲ, ಅದರ ಮೇಲೆ ನೀರು ಕುಡಿಯದೆ ಸ್ಪೋರ್ಟ್ಸ್ ಡ್ರಿಂಕ್ ಕುಡಿಯೋದರ ತಪ್ಪು. 25 ಗ್ರಾಂ ಸಕ್ಕರೆಯ ಜೆಲ್, ಅದರ ಮೇಲೆ 150 ಮಿ.ಲೀ. ಡ್ರಿಂಕ್ (ಇನ್ನೊಂದು 9 ಗ್ರಾಂ), ಅಂದರೆ ಶೇ. 20 ದಾಟಿದ ಪಾಕ. ಕರುಳು ಅದನ್ನು ತೆಳುಮಾಡೋಕೆ ರಕ್ತದಿಂದಲೇ ನೀರು ಎಳೆದುಕೊಳ್ಳುತ್ತೆ. ಹೊಟ್ಟೆ ನುಲಿತ, ಭೇದಿ ಅಲ್ಲಿಂದ. ಖರ್ಜೂರಕ್ಕೂ ಇದೇ ನಿಯಮ. 16 ಗ್ರಾಂ ಕಾರ್ಬ್‌ಗೆ 150–200 ಮಿ.ಲೀ. ಬರೀ ನೀರು. ಎರಡು ಸಲಕ್ಕೆ ಹಂಚಿ ಕುಡಿದರೂ ಆಗುತ್ತೆ.

ದಾರಿ ಬದಿ ನೀರು ಕೊಡೋ ಮೇಜು ಕಂಡಾಗ, ಅದಕ್ಕೆ ಸುಮಾರು 200 ಮೀಟರ್ ಮುಂಚೆ ತಿನಿಸು ಬಾಯಿಗೆ ಹಾಕಿ. ಮೂರು ನಾಲ್ಕು ಸಣ್ಣ ತುತ್ತಾಗಿ ಅಗಿದು ನುಂಗಿ ಮುಗಿಸೋ ಹೊತ್ತಿಗೆ ಮೇಜು ಬಂದಿರುತ್ತೆ. ಕಾಗದದ ಲೋಟದ ಬಾಯಿಯನ್ನು ಚಿವುಟಿ ಕೊಕ್ಕಿನ ಹಾಗೆ ಮಾಡಿಕೊಂಡರೆ ಮೂಗಿಗೆ ಹೋಗಲ್ಲ. ಅಲ್ಲಿ ಇಪ್ಪತ್ತು ಹೆಜ್ಜೆ ನಡೆದರೆ ನಿಮ್ಮ ಗುರಿಗೆ ಏನೂ ಆಗಲ್ಲ, ಬೇಕಾದರೆ ಲೆಕ್ಕ ಹಾಕಿ ನೋಡಿ.

ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು ಬಂದರೆ ಮುಂದಿನ ತಿನಿಸು ಬಿಡಿ, ಕಿ.ಮೀ.ಗೆ 20–30 ಸೆಕೆಂಡ್ ವೇಗ ಇಳಿಸಿ, 15 ನಿಮಿಷ ಗುಟುಕು ನೀರು ಮಾತ್ರ. ತೇಗು ಬಂದು ಹಗುರ ಆದ ಮೇಲೆ ಅರ್ಧ ಪ್ರಮಾಣದಿಂದ ಮತ್ತೆ ಶುರು ಮಾಡಿ. ತಪ್ಪಿಹೋದದ್ದನ್ನು ಸೇರಿಸಿ ಎರಡೆರಡು ತಿನ್ನೋಕೆ ಮಾತ್ರ ಹೋಗಬೇಡಿ.

—

ಉಪ್ಪು_ನೀರು:

ಮೇಲಿನ ನೀರಿನ ಲೆಕ್ಕಕ್ಕೆ ಒಂದು ಎಚ್ಚರಿಕೆ. 20 ನಿಮಿಷಕ್ಕೊಮ್ಮೆ 200 ಮಿ.ಲೀ. ಅಂದ್ರೆ ಗಂಟೆಗೆ 600. ತಂಪು ಹವೆಯಲ್ಲಿ ಸಣ್ಣ ದೇಹದವರಿಗೆ ಅದು ಜಾಸ್ತಿ ಆಗಬಹುದು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಶೇ. 13 ಮಂದಿಗೆ ಸೋಡಿಯಂ (ಉಪ್ಪಿನಂಶ) ಇರಬೇಕಾದ್ದಕ್ಕಿಂತ ಕೆಳಗಿತ್ತು. ನೀರು ಹೆಚ್ಚಾದರೆ ರಕ್ತದಲ್ಲಿನ ಅದು ತೆಳುವಾಗುತ್ತೆ. ಓಟದ ಕೊನೆಗೆ ತೂಕ ಏರಿದವರಲ್ಲಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿ ಇದು ಹೆಚ್ಚು. ಅಂದರೆ ನಿಧಾನಕ್ಕೆ ಓಡುತ್ತಾ ಪ್ರತಿ ಮೇಜಲ್ಲೂ ಕುಡಿಯೋರು. ತಲೆನೋವು, ಬೆರಳು ಊದಿ ಉಂಗುರ ಬಿಗಿಯಾಗೋದು, ವಾಂತಿ, ಗೊಂದಲ ಇದರ ಲಕ್ಷಣ. ನೀರು ಸಾಲದಾಗಿದೆ ಅಂದುಕೊಂಡು ಇನ್ನಷ್ಟು ಕುಡಿಸಿದರೆ ಜೀವಕ್ಕೇ ಅಪಾಯ.

ಉದ್ದದ ಅಭ್ಯಾಸದ ಮುಂಚೆ, ಆಮೇಲೆ ಒದ್ದೆ ಬಟ್ಟೆ ಬಿಚ್ಚಿ ತೂಕ ನೋಡಿ. ತೂಕ ಒಂದು ಕೆ.ಜಿ. ಇಳಿದು, ಮಧ್ಯೆ ಅರ್ಧ ಲೀಟರ್ ಕುಡಿದಿದ್ದರೆ ಒಟ್ಟು ಹೋದದ್ದು ಒಂದೂವರೆ ಲೀಟರ್. ಅದನ್ನು ಗಂಟೆಯಿಂದ ಭಾಗಿಸಿ. ಅಷ್ಟೂ ತುಂಬಿಸೋ ಅಗತ್ಯ ಇಲ್ಲ. ಅದು ಮೇಲ್ಮಿತಿ, ದಾಹ ಹೇಳಿದಷ್ಟು ಅದರ ಒಳಗಿರಲಿ. ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಗಿದೆ.

ಸೋಡಿಯಂ ಗಂಟೆಗೆ 300–600 ಮಿ.ಗ್ರಾಂ. ಸಾಮಾನ್ಯ ಲೆಕ್ಕ. ಅಡುಗೆ ಉಪ್ಪು 1 ಗ್ರಾಂನಲ್ಲಿ ಸುಮಾರು 390 ಮಿ.ಗ್ರಾಂ. ಇರುತ್ತೆ. ಆಲೂಗಡ್ಡೆಗೆ ಉಪ್ಪು ಹಚ್ಚಿದರೆ ಸಿಹಿಯ ಬೇಸರವೂ ಹೋಗುತ್ತೆ. ಆದರೆ ಉಪ್ಪು ತಿಂದರೆ ಸ್ನಾಯು ಸೆಳೆತ ಬರಲ್ಲ ಅನ್ನೋದನ್ನು ಪೂರ್ತಿ ನಂಬಬೇಡಿ, ಸೆಳೆತಕ್ಕೆ ದಣಿದ ಸ್ನಾಯುವೇ ಕಾರಣ ಆಗಿರೋದು ಹೆಚ್ಚು. ಮಿತಿಮೀರಿ ನೀರು ಕುಡಿದಿದ್ದರೆ ಉಪ್ಪಿನ ಗುಳಿಗೆಯೂ ಕಾಪಾಡಲ್ಲ.

ಓಟದ ದಿನ ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಬೇಡ. ಮೊದಲೇ ರಕ್ತ ಕಡಿಮೆಯಾದ ಕರುಳಿಗೂ ಕಿಡ್ನಿಗೂ ಅದು ಇನ್ನೊಂದು ಪೆಟ್ಟು.

—

ನಾಲ್ಕೂವರೆ_ಗಂಟೆ:

ತುಂಬಾ ಉಪಯೋಗ ಆಯ್ತು. ಇನ್ನೆರಡು ಪ್ರಶ್ನೆ. 25 ಕಿ.ಮೀ. ದಾಟಿದ ಮೇಲೆ ಅಗಿಯೋಕೇ ಮನಸ್ಸಿರಲ್ಲ, ಆಗ ಏನು ಮಾಡೋದು? 90 ಗ್ರಾಂವರೆಗೆ ಅಂದ್ರಲ್ಲ, ಹತ್ತು ವಾರದಲ್ಲಿ ಅಲ್ಲಿಗೆ ಹೋಗಬಹುದಾ?

—

ಗ್ರಾಂ_ಲೆಕ್ಕ:

90 ನಿಮಗೆ ಬೇಡ. ಗ್ಲೂಕೋಸ್ ಕರುಳಿನ ಗೋಡೆ ದಾಟೋಕೆ ಒಂದು ಬಾಗಿಲು, ಅದು ಗಂಟೆಗೆ ಸುಮಾರು 60 ಗ್ರಾಂಗೆ ಭರ್ತಿ. ಫ್ರಕ್ಟೋಸ್‌ಗೆ ಬೇರೆ ಬಾಗಿಲಿದೆ. ಎರಡನ್ನೂ ಬೆರೆಸಿದಾಗ ಮಾತ್ರ 60 ದಾಟಬಹುದು, ಅದೂ ಕರುಳಿಗೆ ವಾರಗಟ್ಟಲೆ ಅಭ್ಯಾಸ ಮಾಡಿಸಿದ ಮೇಲೆ. ನಿಮಗೆ 48 ಸಾಕು. ವಾರದ ಉದ್ದ ಓಟದಲ್ಲಿ ಮೊದಲೆರಡು ವಾರ ಗಂಟೆಗೆ 30, ಆಮೇಲೆ ಎರಡೆರಡು ವಾರಕ್ಕೆ 10 ಏರಿಸಿ. ಮ್ಯಾರಥಾನ್ ವೇಗದಲ್ಲೇ ಓಡುತ್ತಾ ಪರೀಕ್ಷೆ ಮಾಡಿ, ನಿಧಾನ ಓಟದಲ್ಲಿ ಎಲ್ಲ ಹೊಟ್ಟೆಯೂ ಸುಮ್ಮನಿರುತ್ತೆ.

ಅಗಿಯೋಕಾಗದ ಹೊತ್ತಿಗೆ ದ್ರವ. 145ನೇ ನಿಮಿಷದವರೆಗೆ, ಅಂದರೆ ಸುಮಾರು 22–23 ಕಿ.ಮೀ.ವರೆಗೆ, ಏಳು ಸಲ ಗಟ್ಟಿ ತಿನಿಸು: ನಾಲ್ಕು ಖರ್ಜೂರ, ಎರಡು ಅರ್ಧ ಬಾಳೆಹಣ್ಣು, ಒಂದು ಸಲ ಉಪ್ಪು ಹಚ್ಚಿದ ಆಲೂಗಡ್ಡೆ. ಉಳಿದ ಐದಕ್ಕೆ ಒಂದು ಪಾಕ ಮಾಡಿಕೊಳ್ಳಿ. 200 ಮಿ.ಲೀ. ಬಿಸಿ ನೀರಿಗೆ 80 ಗ್ರಾಂ ಸಕ್ಕರೆ, 1 ಗ್ರಾಂ ಉಪ್ಪು. ಕರಗಿ ಆರಿದ ಮೇಲೆ ಒಂದು ಚಮಚ ನಿಂಬೆರಸ. ಒಟ್ಟು 250 ಮಿ.ಲೀ. ಆಗುತ್ತೆ. ಮೆತ್ತನೆ ಫ್ಲಾಸ್ಕ್ (ಹಿಂಡಿ ಕುಡಿಯೋ ಬಾಟಲಿ) ಮೇಲೆ 50 ಮಿ.ಲೀ.ಗೊಂದು ಗೆರೆ ಮಾರ್ಕರ್‌ನಿಂದ ಎಳೆದುಕೊಳ್ಳಿ. ಒಂದು ಗೆರೆ, ಒಂದು ಸಲ, 16 ಗ್ರಾಂ, ಹಿಂದೆಯೇ ಒಂದು ಲೋಟ ನೀರು. ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಸಮಪಾಲು ಇರೋದರಿಂದ ಎರಡೂ ಬಾಗಿಲು ಕೆಲಸ ಮಾಡ್ತವೆ. ನಿಂಬೆಯ ಹುಳಿ ಇರೋದರಿಂದ ಜೆಲ್‌ನಷ್ಟು ಮುಖಕ್ಕೆ ಹೊಡೆಯಲ್ಲ.

ದಾರಿಯಲ್ಲಿ ಕೋಲಾ ಕೊಟ್ಟರೆ 150 ಮಿ.ಲೀ.ನಲ್ಲಿ 16 ಗ್ರಾಂ ಸಿಗುತ್ತೆ, ಪಾಕದ ಒಂದು ಗೆರೆಗೆ ಸಮ. ಗ್ಯಾಸ್ ಹೋಗಿರಲಿ. ಅದರ ಕೆಫೀನ್ 15 ಮಿ.ಗ್ರಾಂ. ಆಸುಪಾಸು, ಅದರಿಂದ ಮಹಾ ಏನೂ ಆಗಲ್ಲ.

245ರ ನಂತರ ನುಂಗಿದ್ದು ಕಾಲಿಗೆ ತಲುಪೋ ಹೊತ್ತಿಗೆ ಓಟ ಮುಗಿಯೋಕೆ ಬಂದಿರುತ್ತೆ. ಆದರೂ ಕೊನೆಯ ಎರಡು ಕಿ.ಮೀ.ಯಲ್ಲಿ ಒಂದು ಗುಟುಕು ಪಾಕ ಬಾಯಲ್ಲಿ ಐದಾರು ಸೆಕೆಂಡ್ ಮುಕ್ಕಳಿಸಿ ಉಗುಳಿ. ಸಕ್ಕರೆ ಬಾಯಿಗೆ ಬಿದ್ದರೇ ಮಿದುಳು ಸ್ವಲ್ಪ ಸಡಿಲ ಬಿಡುತ್ತೆ.

ಅಂದಹಾಗೆ ಇದೇನೂ ಹೊಸ ವಿದ್ಯೆ ಅಲ್ಲ. 1924ರ ಬೋಸ್ಟನ್ ಮ್ಯಾರಥಾನ್‌ನಲ್ಲೇ ವೈದ್ಯರು ಓಟಗಾರರ ರಕ್ತದ ಸಕ್ಕರೆ ಅಳೆದಿದ್ದರು. ಬಸವಳಿದು ಬಂದವರದ್ದು ತೀರಾ ಇಳಿದಿತ್ತು. ಮರುವರ್ಷ ದಾರಿಯಲ್ಲಿ ಮಿಠಾಯಿ ತಿನ್ನಿಸಿ ನೋಡಿದಾಗ ಸ್ಥಿತಿ ಎಷ್ಟೋ ಮೇಲಾಗಿತ್ತು.

—

ಹೊಟ್ಟೆಪಾಡು:

ಓಟದ ಬೆಳಗ್ಗೆಯ ಬಗ್ಗೆ ಯಾರೂ ಹೇಳಲಿಲ್ಲ. ಶುರುವಿಗೆ ಮೂರು ಗಂಟೆ ಮುಂಚೆ 100–130 ಗ್ರಾಂ ಕಾರ್ಬ್, ನಾರು ಕೊಬ್ಬು ಕಡಿಮೆ: ಬಿಳಿ ಬ್ರೆಡ್ ನಾಲ್ಕು ಹೋಳು, ಜೇನು ಎರಡು ದೊಡ್ಡ ಚಮಚ, ಒಂದು ಬಾಳೆಹಣ್ಣು. ಹಿಂದಿನ ಎರಡು ದಿನ, ದಿನಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 8–10 ಗ್ರಾಂ ಕಾರ್ಬ್, ಹಸಿ ತರಕಾರಿ ಮತ್ತು ಕಾಳು ದೂರ. ಶುರುವಿಗೆ 30–60 ನಿಮಿಷ ಇರುವಾಗ ಸಿಹಿ ತಿಂದರೆ ಕೆಲವರಿಗೆ ರಕ್ತದ ಸಕ್ಕರೆ ಒಮ್ಮೆ ಕುಸಿದು ಮೊದಲ ಕಿಲೋಮೀಟರ್‌ಗಳಲ್ಲೇ ಕಾಲು ಭಾರ. ತಿನ್ನಲೇಬೇಕು ಅನ್ನಿಸಿದರೆ ಐದು ನಿಮಿಷ ಇರುವಾಗ ತಿನ್ನಿ.

ಏರು ಹತ್ತುವಾಗ ತಿನ್ನಬೇಡಿ. ಏರು ಮುಗಿದು ಉಸಿರು ಕೂತ ಮೇಲೆ ತಿನ್ನಿ, ಸಮಯ ಎರಡು ಮೂರು ನಿಮಿಷ ಹಿಂದುಮುಂದಾದರೂ ಪರವಾಗಿಲ್ಲ.

—

ಜೇಬು_ಸಣ್ಣದು:

ಕಟ್ಟಿಕೊಳ್ಳೋ ವಿಚಾರ. ಖರ್ಜೂರವನ್ನು ಉದ್ದಕ್ಕೆ ಸೀಳಿ, ಬೆಣ್ಣೆ ಕಾಗದದಲ್ಲಿ ಒಂದೊಂದನ್ನೇ ಸುತ್ತಿ, ಎರಡೂ ತುದಿ ತಿರುಚಿ. ಒಂದೇ ಕವರ್‌ಗೆ ಹಾಕಿದರೆ ಬೆವರಿಗೆ ಎಲ್ಲ ಒಂದೇ ಮುದ್ದೆ. ಆಲೂಗಡ್ಡೆ ಅಂದು ಬೆಳಗ್ಗೆಯೇ ಬೇಯಿಸಿ, ಸಿಪ್ಪೆ ಸುಲಿದು, ಪೂರ್ತಿ ಆರಿದ ಮೇಲೆ ಕಟ್ಟಿ. ಬಿಸಿ ಇರುವಾಗ ಕಟ್ಟಿದರೆ ನೀರು ಬಿಟ್ಟು ಹಳಸುತ್ತೆ. ಅದನ್ನು ಮೂರನೇ ಸಲಕ್ಕೇ ತಿಂದುಬಿಡಿ, ಭಾರವೂ ಇಳಿಯುತ್ತೆ. ಜಿಪ್ ಕವರ್ ಆದರೆ ಬಾಯಿಯ ಒಂದು ಮೂಲೆ ಸ್ವಲ್ಪ ತೆರೆದಿಡಿ, ಬೆವರಿದ ಬೆರಳಿಗೆ ಪೂರ್ತಿ ಮುಚ್ಚಿದ ಜಿಪ್ ಜಗ್ಗಲ್ಲ.

"ಬೀಜ ತೆಗೆದದ್ದು" ಅಂತ ಪೊಟ್ಟಣದ ಮೇಲೆ ಬರೆದಿದ್ದರೂ ಪ್ರತಿ ಖರ್ಜೂರವನ್ನೂ ಸೀಳಿ ನೋಡಿ. ಅಲ್ಲೊಂದು ಇಲ್ಲೊಂದು ಬೀಜ ಉಳಿದಿರುತ್ತೆ.