ಅಪ್‌ಡೇಟ್: ಇಸ್ತಾಂಬುಲ್‌ನ ಕೊನೆಯ ದಿನ ಹೇಗಾಯ್ತು ಅಂದ್ರೆ...

ರೂಮ್ ಬೆಳಗ್ಗೆ 11ಕ್ಕೆ ಖಾಲಿ ಮಾಡಬೇಕು, ವಿಮಾನ ಮಧ್ಯರಾತ್ರಿ, ಜೊತೆಗೆ ಮಂಡಿನೋವಿನ ಅಮ್ಮ. ಅಷ್ಟು ಹೊತ್ತು ಏನು ಮಾಡೋದು ಅಂತ ಕೇಳಿದ್ದೆ. ಲಗೇಜ್ ಹೋಟೆಲಲ್ಲೇ ಬಿಟ್ಟು ಫೆರಿ ಹತ್ತಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಮೊದಲು ಬೆಸಿಲಿಕಾ ಸಿಸ್ಟರ್ನ್‌ಗೆ ಹೋದ್ವಿ. ನೆಲದಡಿಯ ಈ ನೀರಿನ ತೊಟ್ಟಿ 6ನೇ ಶತಮಾನದ್ದು, 336 ಕಂಬಗಳಿವೆ. ಮೂಲೆಯ ಎರಡು ಕಂಬಗಳ ಬುಡದಲ್ಲಿ ಮೆಡೂಸಾಳ (ಗ್ರೀಕ್ ಪುರಾಣದ ಹಾವುಗೂದಲಿನ ಹೆಣ್ಣು) ಕಲ್ಲಿನ ತಲೆ: ಒಂದು ತಲೆಕೆಳಗು, ಇನ್ನೊಂದು ಅಡ್ಡ. ಅಮ್ಮ ಮೆಟ್ಟಿಲನ್ನು ನಿಧಾನವಾಗಿ ಇಳಿದರು, ಅವಸರ ಮಾಡಲಿಲ್ಲ.

ಆದರೆ ಮನಸ್ಸಲ್ಲಿ ನಿಂತದ್ದು ಫೆರಿ. ಎಮಿನೊನುವಿನಿಂದ ಕಾಡಿಕೊಯ್‌ಗೆ, ಅಂದರೆ ಯುರೋಪ್ ದಡದಿಂದ ಏಷ್ಯಾ ದಡಕ್ಕೆ, ಅರ್ಧ ಗಂಟೆಯೂ ಆಗಲ್ಲ. ಹೊರಗಿನ ಬೆಂಚಲ್ಲಿ ಕೂತೆವು. ಪಕ್ಕದಲ್ಲೇ ಸೀಗಲ್‌ಗಳು ಹಾರಿ ಬರ್ತಿದ್ವು, ಹಿಂದೆ ಮಿನಾರ್‌ಗಳು ಸಣ್ಣದಾಗ್ತಾ ಹೋದವು. ಅಮ್ಮ ಒಂದು ಮಾತೂ ಆಡಲಿಲ್ಲ, ನನ್ನ ಕೈ ಹಿಡಿದುಕೊಂಡಿದ್ದರು. ವಾರವಿಡೀ ಓಡಾಡಿದ್ದಕ್ಕಿಂತ ಆ ಹೊತ್ತೇ ನನಗೆ ದೊಡ್ಡದು. ವಾಪಸ್ ಬರುವಾಗ ಸೂರ್ಯ ಮುಳುಗ್ತಿದ್ದ.

ಇನ್ನೊಂದು ಮಾತು: ಏರ್‌ಪೋರ್ಟ್ ಹಳೇ ಊರಿಂದ ಸುಮಾರು 40 ಕಿ.ಮೀ. ದೂರ. ಸಂಜೆ ಟ್ರಾಫಿಕ್ ವಿಪರೀತ, ಬೇಗ ಹೊರಡಿ. ನಾವು ಏಳಕ್ಕೇ ಹೊರಟೆವು, ನಿರಾಳವಾಗಿ ತಲುಪಿದೆವು.