ನಮ್ಮ ಹೆಸರಲ್ಲಿ ಬೇರೆ ಯಾರೋ ಅಡ್ವಾನ್ಸ್ ತಗೊಂಡ್ರೆ ಏನು ಮಾಡಬೇಕು? (ಶವವಾಹನ, ಸ್ಮಶಾನ ನಡೆಸುವವರಿಗೆ ಪ್ರಶ್ನೋತ್ತರ)

ಪ್ರಶ್ನೆ (ಶವವಾಹನ ಮತ್ತು ಫ್ರೀಜರ್ ಬಾಕ್ಸ್ ಸೇವೆ, ರಾಜಾಜಿನಗರ):
ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಅಂಗಡಿ ಹೆಸರಿನ ಕೆಳಗೆ ಯಾರೋ ಅವರ ನಂಬರ್ ಹಾಕಿದ್ದಾರೆ. ನಿನ್ನೆ ಒಂದು ಮನೆಯವರು ಅದಕ್ಕೆ ಫೋನ್ ಮಾಡಿ, ಫ್ರೀಜರ್ ಬಾಕ್ಸ್‌ಗೆ ಅಂತ ಅಡ್ವಾನ್ಸ್ ಕಳಿಸಿದ್ದಾರೆ. ಬಾಕ್ಸ್ ಬರಲೇ ಇಲ್ಲ. ಈಗ ನಮ್ಮ ಬಾಗಿಲಿಗೆ ಬಂದು ಜಗಳ. ನಮ್ಮದೇನು ತಪ್ಪು ಸಾರ್?

ಉತ್ತರ (ಸಣ್ಣ ವ್ಯಾಪಾರಗಳಿಗೆ ಸೈಬರ್ ಸುರಕ್ಷತೆ ಸಲಹೆಗಾರ):
ತಪ್ಪು ನಿಮ್ಮದಲ್ಲ, ಆದರೆ ಬೈಗುಳ ನಿಮಗೇ. ಮೊದಲು ಆ ಮನೆಯವರಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ದುಡ್ಡು ಇನ್ನೂ ಖಾತೆಯಲ್ಲೇ ಇದ್ದರೆ ತಡೆಹಿಡಿಯಲು ಆಗುತ್ತದೆ. ನಾಲ್ಕು ಖಾತೆ ದಾಟಿದ ಮೇಲೆ ಬಹಳ ಕಷ್ಟ. ಸಾವಿನ ಮನೆಯವರು ವೈಕುಂಠ ಸಮಾರಾಧನೆ ಮುಗಿಯಲಿ, ಆಮೇಲೆ ನೋಡೋಣ ಅಂತಾರೆ. ಕಳ್ಳರು ಇಂಥ ಮನೆಗಳನ್ನೇ ಹುಡುಕುವುದು ಅದಕ್ಕೇ.

ನೀವೂ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಬೇರೆ ದೂರು ಕೊಡಿ. ಮ್ಯಾಪ್‌ನಲ್ಲಿ ನಂಬರ್ ಸರಿ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಸಾಕ್ಷಿ ಸಿಗುವುದಿಲ್ಲ.

ಮ್ಯಾಪ್‌ನಲ್ಲಿ ತಿದ್ದುಪಡಿ ಸೂಚಿಸಲು ಯಾರಿಗೆ ಬೇಕಾದರೂ ಆಗುತ್ತದೆ. ಮ್ಯಾಪ್‌ನಲ್ಲಿರುವ ನಿಮ್ಮ ಅಂಗಡಿ ಪುಟವನ್ನು ಮಾಲೀಕರಾಗಿ ಕ್ಲೇಮ್ ಮಾಡಿದ್ದೀರಾ, ಅಂದರೆ ಇದು ನನ್ನದೇ ಅಂತ ಗೂಗಲ್‌ಗೆ ತೋರಿಸಿ ನಿಮ್ಮ ಹೆಸರಿಗೆ ಮಾಡಿಕೊಂಡಿದ್ದೀರಾ? ಇಲ್ಲದಿದ್ದರೆ ಇವತ್ತೇ ಮಾಡಿ. ಎಷ್ಟೋ ಕಡೆ ಪುಟ ಮಾಡಿಕೊಟ್ಟ ಹುಡುಗನ ಜಿಮೇಲ್‌ನಲ್ಲೇ ಎಲ್ಲ ಇರುತ್ತದೆ, ಅವನೋ ಕೆಲಸ ಬಿಟ್ಟು ಹೋಗಿರುತ್ತಾನೆ. ನಿಮ್ಮ ಜಿಮೇಲ್‌ಗೆ ತಂದುಕೊಂಡು ಎರಡು ಹಂತದ ವೆರಿಫಿಕೇಶನ್ ಹಾಕಿ.

ಇನ್ನೊಂದು ಮಾತು. ಯುಪಿಐನಲ್ಲಿ ದುಡ್ಡು ಕಳಿಸುವ ಮುಂಚೆ ಖಾತೆದಾರರ ಹೆಸರು ಕಾಣಿಸುತ್ತದೆ, ಅಲ್ವಾ? ಫೋನಿನಲ್ಲೇ ಹೇಳಿಬಿಡಿ: "ಈ ಹೆಸರು ಬಂದರೆ ಮಾತ್ರ ಕಳಿಸಿ." ಗಾಡಿಯ ಮೇಲೂ ಬರೆಸಿ. ನನ್ನ ಕೇಳಿದರೆ ಬಾಕ್ಸ್ ಮನೆಗೆ ಇಳಿಸಿದ ಮೇಲೇ ದುಡ್ಡು ತಗೊಳ್ಳಿ. ಆಗ ಅಡ್ವಾನ್ಸ್ ಕೇಳುವವನು ನೀವಲ್ಲ ಅಂತ ಜನಕ್ಕೂ ಗೊತ್ತಾಗುತ್ತದೆ.

ಪ್ರಶ್ನೆ (ಅದೇ ಶವವಾಹನ ಸೇವೆಯವರು):
ತೀರಿಕೊಂಡವರದು, ಮನೆಯವರದು ಆಧಾರ್, ಡಾಕ್ಟರ್ ಸರ್ಟಿಫಿಕೇಟ್ ಎಲ್ಲ ಡ್ರೈವರ್ ವಾಟ್ಸಾಪ್‌ಗೇ ಬರುತ್ತದೆ. ಅದರಿಂದಲೂ ತೊಂದರೆನಾ? ಹೊಸ ಕಾನೂನು ಬಂದಿದೆ ಅಂತಾರೆ, ಈಗಲೇ ದಂಡ ಹಾಕ್ತಾರಾ?

ಉತ್ತರ:
ನನಗೆ ಜಾಸ್ತಿ ಭಯ ಇದೇ. ಯಾರು ತೀರಿಕೊಂಡರು, ಮಗನ ನಂಬರ್ ಯಾವುದು, ಆಧಾರ್ ಸಂಖ್ಯೆ ಎಷ್ಟು, ಎಲ್ಲ ಒಂದೇ ಕಡೆ. "ಇನ್ಶೂರೆನ್ಸ್ ದುಡ್ಡು ಬಂದಿದೆ, ಒಟಿಪಿ ಹೇಳಿ" ಅಂತ ಫೋನ್ ಮಾಡುವವನಿಗೆ ಇನ್ನೇನು ಬೇಕು?

ಬರೀ ಗಾಡಿ ಓಡಿಸುವವರಿಗೆ ಕಾಗದದ ಫೋಟೊ ಯಾಕೆ? ಬನಶಂಕರಿ ಚಿತಾಗಾರಕ್ಕೆ ಹೋಗಲಿ, ಹೆಬ್ಬಾಳದ್ದಕ್ಕೆ ಹೋಗಲಿ, ಮನೆಯವರೇ ಕೈಯಲ್ಲಿ ಹಿಡಿದು ಬರಲಿ. ಮರಣ ಪ್ರಮಾಣಪತ್ರವನ್ನೂ ನೀವೇ ಮಾಡಿಸಿಕೊಡುವುದಾದರೆ ಬೇರೆ ಮಾತು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಅಲ್ಲಿಯವರೆಗೆ ಕಾಗದ ಬೇಕಾಗುತ್ತದೆ. ಆದರೆ ಆಫೀಸಿನ ಒಂದೇ ಫೋನಿಗೆ ಬರಲಿ. ಪ್ರಮಾಣಪತ್ರ ಕೈಗೆ ಬಂದ ದಿನ ಅಳಿಸಿ. ಚಾಟ್ ಅಳಿಸಿದರೆ ಸಾಲದು, ಗ್ಯಾಲರಿಯಲ್ಲಿ ಕಾಪಿ ಉಳಿದಿರುತ್ತದೆ. ನಿಮ್ಮ ಬಿಲ್ ಫೈಲಿಗೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು.

ಕಾನೂನು 2023ರದು, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಇದೆ, ಅಂದರೆ 2027ರ ಮೇ. ಸುರಕ್ಷತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಅಂತ ಬರೆದಿದೆ. ಅದು ಗರಿಷ್ಠ ಮಿತಿ, ಎರಡು ಗಾಡಿ ಇಟ್ಟವರು ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಆ ಗಡುವಿನ ನಂತರ ಮಾಹಿತಿ ಸೋರಿದರೆ ಆ ಮನೆಯವರಿಗೂ, ಈ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕಾಗುತ್ತದೆ. ಮುಚ್ಚಿಡುವ ಹಾಗಿಲ್ಲ.

ಪ್ರಶ್ನೆ (ಚರ್ಚ್ ಸಮಾಧಿ ಸಮಿತಿ ಸದಸ್ಯರು):
ನಮ್ಮ ಸಮಾಧಿ ರಿಜಿಸ್ಟರ್ ಹಳೇದು, ಈಗ ಎಕ್ಸೆಲ್‌ಗೆ ಹಾಕಿದ್ದೇವೆ. ಪುಸ್ತಕ ಇನ್ನು ಬೇಕಾ?

ಉತ್ತರ:
ಖಂಡಿತ ಬೇಕು. ಯಾವ ಗುಂಡಿಯಲ್ಲಿ ಯಾರ ಅಜ್ಜ ಇದ್ದಾರೆ ಅನ್ನುವುದಕ್ಕೆ ಇನ್ನೊಂದು ದಾಖಲೆ ಎಲ್ಲೂ ಸಿಗುವುದಿಲ್ಲ. ವೈರಸ್ ಬಂದು ಎಕ್ಸೆಲ್ ಲಾಕ್ ಆದರೆ ಪುಸ್ತಕವೇ ಗತಿ. ಕಂಪ್ಯೂಟರ್ ಫೈಲಿನ ಒಂದು ಕಾಪಿ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಕಾಪಿ ಆದ ಮೇಲೆ ವೈರ್ ಕಿತ್ತು ಬೇರೆ ಬೀರುವಿನಲ್ಲಿಡಿ, ಸಿಕ್ಕಿಸಿಯೇ ಬಿಟ್ಟರೆ ಅದೂ ಲಾಕ್ ಆಗುತ್ತದೆ. ಆಗಾಗ ತೆರೆದು ನೋಡಿ, ಫೈಲ್ ಓಪನ್ ಆಗುತ್ತದಾ ಅಂತ.